ಶಾಲು ಹೊದೆಸಿದ ಮಾರನೆಯ ದಿನ

ಶಿಕ್ಷಕರ ದಿನಾಚರಣೆ ಮುಗಿದ ಮೇಲೆ ಈ ಅಂಕಣಕ್ಕೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಶಾಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಮುಖ್ಯ ಶಿಕ್ಷಕರು ಕೊಡುವ ಬಹುಮಾನ, ಸನ್ಮಾನ, ಮೆಚ್ಚುಗೆಗಳಿಂದ ಶಿಕ್ಷಕರಿಗೆ ತಮ್ಮ ಕೆಲಸದ ಮೇಲಿನ ನಿಷ್ಠೆ ಬೆಳೆಯುತ್ತದೆಯೇ ಎಂಬುದು ಆ ಪತ್ರಗಳ ಪ್ರಶ್ನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನೂ ಶಾಲೆಗಳ ಗುರುತನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬ್ರಹ್ಮಾವರದ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಫಲಿತಾಂಶ ಬಂದ ಸಂತೋಷಕ್ಕೆ ನಮ್ಮ ಹಳೆ ವಿದ್ಯಾರ್ಥಿ ಸಂಘದವರು ಪ್ರತಿವರ್ಷ ಒಬ್ಬ ಉತ್ತಮ ಶಿಕ್ಷಕರಿಗೆ 10,000 ರೂಪಾಯಿ ಮತ್ತು ಸನ್ಮಾನ ಪತ್ರ ಕೊಡಲು ಮುಂದೆ ಬಂದರು. ಆಯ್ಕೆಯನ್ನು ನನಗೇ ಬಿಟ್ಟರು. ಕಳೆದ ವರ್ಷ ಗಣಿತ ಶಿಕ್ಷಕರನ್ನು ಆರಿಸಿದೆ, ಅವರು ಅದಕ್ಕೆ ಅರ್ಹರೇ ಹೌದು. ಆದರೆ ಅಂದಿನಿಂದ ಉಳಿದ ಒಂಬತ್ತು ಮಂದಿ ಹೇಳಿದ ಕೆಲಸವನ್ನಷ್ಟೇ ಮಾಡುತ್ತಿದ್ದಾರೆ, ಮೊದಲಿನ ಉತ್ಸಾಹ ಕಾಣುತ್ತಿಲ್ಲ. ಈ ವರ್ಷವೂ ಬಹುಮಾನವನ್ನು ಮುಂದುವರಿಸಲೇ?

ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥದೇ ಸಂಕಟವನ್ನು ನಾನೂ ಅನುಭವಿಸಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ನಿಷ್ಠೆ, ಬದ್ಧತೆ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಬೇರೆ ಬೇರೆ ಬಂಧಗಳಿವೆ. ಕೆನಡಾದ ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ಅವುಗಳನ್ನು ಮೂರಾಗಿ ವಿಂಗಡಿಸಿದರು. ಕೆಲಸವೂ ಸಂಸ್ಥೆಯೂ ತನ್ನವೆನಿಸಿ ಮನಸಾರೆ ಉಳಿಯುವುದು ಒಂದು, ಬಿಟ್ಟರೆ ಆಗುವ ನಷ್ಟವನ್ನು ಲೆಕ್ಕಹಾಕಿ ಉಳಿಯುವುದು ಇನ್ನೊಂದು, ಸಂಸ್ಥೆಯ ಋಣವಿದೆ, ಬಿಡುವುದು ಸರಿಯಲ್ಲ ಎಂಬ ಭಾವನೆಯಿಂದ ಉಳಿಯುವುದು ಮೂರನೆಯದು. ನಮ್ಮ ಅನುದಾನಿತ ಶಾಲೆಗಳಲ್ಲಿ ಎರಡನೆಯದಕ್ಕೆ ಕೊರತೆಯಿಲ್ಲ. ಸರ್ಕಾರದ ಸಂಬಳವಿರುವ ಹುದ್ದೆಯನ್ನು ಯಾರೂ ಸುಮ್ಮನೆ ಬಿಟ್ಟುಹೋಗುವುದಿಲ್ಲ. ಮೂರನೆಯದೂ ಸಾಕಷ್ಟಿದೆ, ಏಕೆಂದರೆ ಅನೇಕರು ತಾವು ಓದಿದ ಶಾಲೆಯಲ್ಲೇ ಪಾಠ ಹೇಳುತ್ತಿರುತ್ತಾರೆ. ಮುಖ್ಯ ಶಿಕ್ಷಕರ ನಡೆಯಿಂದ ಹೆಚ್ಚಾಗುವುದೂ ಕಡಿಮೆಯಾಗುವುದೂ ಮುಖ್ಯವಾಗಿ ಮೊದಲನೆಯದು, ಮತ್ತು ತಮ್ಮ ಒಂಬತ್ತು ಮಂದಿಯಲ್ಲಿ ಪೆಟ್ಟು ತಿಂದಿರುವುದೂ ಅದೇ. ಅವರು ಶಾಲೆ ಬಿಡುವುದಿಲ್ಲ, ಆದರೆ ಗಂಟೆ ಹೊಡೆದ ಮೇಲೆ ನಿಲ್ಲುವುದೂ ಇಲ್ಲ.

ಬಹುಮಾನ ಕೊಡುವುದೂ ಒಂದು ಅಧಿಕಾರವೇ. ಜಾನ್ ಫ್ರೆಂಚ್ ಮತ್ತು ಬರ್ಟ್ರಾಂ ರೇವನ್ 1959ರಲ್ಲಿ ಅಧಿಕಾರದ ಐದು ಮೂಲಗಳನ್ನು ಹೇಳಿದಾಗ ಶಿಕ್ಷಿಸುವ ಶಕ್ತಿ, ಹುದ್ದೆಯ ಬಲ, ಪರಿಣತಿ, ವ್ಯಕ್ತಿಯ ಮೇಲಿನ ಗೌರವ ಇವುಗಳ ಜೊತೆಗೆ ಪುರಸ್ಕರಿಸುವ ಶಕ್ತಿಯನ್ನೂ ಸೇರಿಸಿದರು. ಒಬ್ಬರಿಗೆ ಕೊಡಬಲ್ಲವರು ಇನ್ನೊಬ್ಬರಿಗೆ ಕೊಡದೆಯೂ ಇರಬಲ್ಲರು ಎಂಬುದನ್ನು ಸ್ಟಾಫ್ ರೂಮಿನಲ್ಲಿ ಕುಳಿತ ಎಲ್ಲರೂ ಬಲ್ಲರು. ಹಾಗಾಗಿ ಹತ್ತು ಮಂದಿಯಲ್ಲಿ ಒಬ್ಬರನ್ನು ವೇದಿಕೆಗೆ ಕರೆದಾಗ ಉಳಿದ ಒಂಬತ್ತು ಮಂದಿಗೂ ಒಂದು ಸಂದೇಶ ತಲುಪಿರುತ್ತದೆ. ಬಹುಮಾನದ ಬಗ್ಗೆ ಯೋಚಿಸುವಾಗ ನಾವು ಪಡೆದವರ ಮುಖವನ್ನಷ್ಟೇ ನೋಡುತ್ತೇವೆ, ಆ ಒಂಬತ್ತು ಮುಖಗಳನ್ನು ನೋಡುವುದಿಲ್ಲ.

ಈಗ ನನ್ನ ಅನುಭವ. ನಾನು ದಕ್ಷಿಣ ಕನ್ನಡದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕನಾಗಿದ್ದಾಗ ವಾರ್ಷಿಕೋತ್ಸವದ ದಿನ ವಿಜ್ಞಾನ ಶಿಕ್ಷಕರಿಗೆ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿಸಿದೆ. ಮಾರನೆಯ ದಿನ ಬೆಳಿಗ್ಗೆ ಹಿಂದಿ ಟೀಚರ್ ನನ್ನ ಕೋಣೆಗೆ ಬಂದು ನೀಲಿ ರಟ್ಟಿನ ಒಂದು ನೋಟ್ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಸರ್, ಇದು ಇನ್ನು ಇಲ್ಲೇ ಇರಲಿ" ಎಂದಷ್ಟೇ ಹೇಳಿ ಹೋದರು. ತೆರೆದು ನೋಡಿದೆ. ಆ ವರ್ಷ ಶಾಲೆಗೆ ಬರುವುದನ್ನು ನಿಲ್ಲಿಸಿ ಮನೆಯಲ್ಲಿ ಬೀಡಿ ಕಟ್ಟಲು ಕುಳಿತಿದ್ದ ಹುಡುಗಿಯರ ಹೆಸರು, ಮನೆಗೆ ಹೋಗುವ ದಾರಿ, ಹೋದ ದಿನಾಂಕ, ತಾಯಿ ಹೇಳಿದ ಮಾತು, ಎಲೆಯ ಲೆಕ್ಕ ಯಾವ ವಾರ ಕೊಡಬೇಕು, ಹುಡುಗಿ ಎಂದಿನಿಂದ ಬರಬಹುದು ಎಲ್ಲವನ್ನೂ ಪುಟದಿಂದ ಪುಟಕ್ಕೆ ಬರೆದಿದ್ದರು. ಮಳೆಗಾಲದಲ್ಲಿ ಬರೆದ ಪುಟಗಳಲ್ಲಿ ಶಾಯಿ ಹರಡಿತ್ತು. ಏಳು ಹುಡುಗಿಯರು ಹಿಂದಿರುಗಿ ಬಂದಿದ್ದರು. ಅದು ನನಗೆ ಗೊತ್ತಿತ್ತು. ಹಾಜರಿಯ ಸಂಖ್ಯೆ ಏರಿದ್ದನ್ನು ನಾನೇ ಇಲಾಖೆಗೆ ವರದಿ ಮಾಡಿದ್ದೆ. ಆದರೆ ಆ ಏಳು ಹೆಸರುಗಳ ಹಿಂದೆ ಯಾರ ನಡಿಗೆಯಿತ್ತು ಎಂಬುದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಎರಡು ದಿನ ಬಿಟ್ಟು ಆ ಪುಸ್ತಕದಲ್ಲಿದ್ದ ಒಬ್ಬ ಹುಡುಗಿಯ ಬಗ್ಗೆ ಅವರನ್ನು ವಿಚಾರಿಸಿದೆ. ಅವರು ನಿಂತಲ್ಲೇ ಹತ್ತು ನಿಮಿಷ ಮಾತನಾಡಿದರು, ಪುಸ್ತಕವನ್ನು ತೆಗೆದುಕೊಂಡು ಹೋದರು, ಮನೆಭೇಟಿಯನ್ನೂ ಮುಂದುವರಿಸಿದರು. ಆದರೂ ಮುಂದಿನ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಬೇರೆ ಶಾಲೆಯನ್ನು ಆರಿಸಿಕೊಂಡರು. ಅದಕ್ಕೆ ನಾನೇ ಕಾರಣ ಎಂದು ಅವರು ಹೇಳಲಿಲ್ಲ, ಕಾರಣವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲೂ ಆಗಲಿಲ್ಲ.

ತಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಬಹುಮಾನವನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದೊಡನೆ ಗಂಟುಹಾಕಿದ್ದು ಮೊದಲ ತೊಡಕು. ನಮ್ಮ ಎರಡು ಜಿಲ್ಲೆಗಳ ಮೇಲೆ ಈ ಫಲಿತಾಂಶದ ಭಾರ ಎಷ್ಟಿದೆ ಎಂಬುದು ತಮಗೆ ತಿಳಿದೇ ಇದೆ. 2024ರಲ್ಲಿ ಉಡುಪಿ ಶೇ. 94ರೊಂದಿಗೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ಎರಡನೆಯದು, 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ಉಡುಪಿ ಶೇ. 89.96ರೊಂದಿಗೆ ಎರಡನೆಯದು. ಹತ್ತನೆಯ ತರಗತಿಯ ಗಣಿತದ ಅಂಕ ಒಬ್ಬ ಗಣಿತ ಶಿಕ್ಷಕರದಷ್ಟೇ ಅಲ್ಲ. ಎಂಟನೆಯ ತರಗತಿಯಲ್ಲಿ ಓದಲು ತಡವರಿಸುತ್ತಿದ್ದ ಮಗುವನ್ನು ಪ್ರಶ್ನೆಯ ವಾಕ್ಯ ಓದಿ ಅರ್ಥಮಾಡಿಕೊಳ್ಳುವ ಹಂತಕ್ಕೆ ತಂದ ಕನ್ನಡ ಶಿಕ್ಷಕರ ಪಾಲೂ, ಆಟದ ಮೈದಾನದ ಆಸೆ ತೋರಿಸಿ ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡ ದೈಹಿಕ ಶಿಕ್ಷಣ ಶಿಕ್ಷಕರ ಪಾಲೂ ಅದರಲ್ಲಿದೆ. ಚಿತ್ರಕಲೆಯ ಶಿಕ್ಷಕರು ಎಷ್ಟೇ ದುಡಿದರೂ ತಮ್ಮ ಬಹುಮಾನದ ಹತ್ತಿರವೂ ಸುಳಿಯಲಾರರು, ಏಕೆಂದರೆ ಅವರ ವಿಷಯಕ್ಕೆ ಆ ಪರೀಕ್ಷೆಯೇ ಇಲ್ಲ. ಎಂದೂ ತನಗೆ ಬರಲಾರದ ಬಹುಮಾನ ಯಾರನ್ನೂ ಹುರಿದುಂಬಿಸುವುದಿಲ್ಲ.

ಹಳೆ ವಿದ್ಯಾರ್ಥಿಗಳ ಹಣವನ್ನು ಬೇಡವೆನ್ನಬೇಡಿ, ಅವರ ಪ್ರೀತಿ ದೊಡ್ಡದು. ಅದನ್ನು ಒಬ್ಬರ ಹೆಸರಿಗೆ ಕೊಡುವ ಬದಲು ಶಿಕ್ಷಕರ ನಿಧಿಯಾಗಿ ಮಾಡಿ, ಯಾವುದಕ್ಕೆ ಬಳಸಬೇಕೆಂದು ಹತ್ತು ಮಂದಿಯೂ ಕೂಡಿ ತೀರ್ಮಾನಿಸಲಿ ಎಂದು ಸಂಘದವರನ್ನು ಕೇಳಿನೋಡಿ. ಪ್ರಯೋಗಾಲಯದ ಸಾಮಗ್ರಿಯಾಗಲಿ, ಇನ್ನೊಂದು ಒಳ್ಳೆಯ ಶಾಲೆಯನ್ನು ನೋಡಿಬರುವ ಖರ್ಚಾಗಲಿ, ಸ್ಟಾಫ್ ರೂಮಿಗೆ ಒಂದು ಕಪಾಟಾಗಲಿ, ತೀರ್ಮಾನ ಅವರದಾಗಿರಲಿ. ವೇದಿಕೆಯಲ್ಲಿ ಮಾತನಾಡುವಾಗ ಹತ್ತು ಮಂದಿಯದೂ ಒಂದೊಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ಹೇಳಿ. ಹತ್ತು ಮಂದಿಗೂ ಹೇಳಲು ಮಾತು ಸಿಗದಿದ್ದರೆ, ಯಾರ ತರಗತಿಗೆ ತಾವು ಹೋಗಿಲ್ಲವೋ ಅಲ್ಲಿಂದ ಈ ವರ್ಷದ ಪಾಠ ವೀಕ್ಷಣೆಯನ್ನು ಆರಂಭಿಸಬಹುದು.

ಪ್ರಶ್ನೆ: ಮಂಗಳೂರಿನ ಒಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಎಂಟು ವರ್ಷಗಳಿಂದ ಶಿಕ್ಷಕಿಯಾಗಿದ್ದೇನೆ. ಮೂರು ವರ್ಷಗಳಿಂದ ನಮ್ಮಲ್ಲಿ ಫಲಿತಾಂಶ ಮತ್ತು ಹೊಸ ಅಡ್ಮಿಷನ್ ಎರಡನ್ನೂ ನೋಡಿ ಪ್ರೋತ್ಸಾಹಧನ ಕೊಡುತ್ತಾರೆ, ಪ್ರಾಂಶುಪಾಲರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪಟ್ಟಿ ಹಾಕಿ ಅಭಿನಂದಿಸುತ್ತಾರೆ. ನನಗೆ ಎರಡು ಸಲ ಬಂದಿದೆ. ಆದರೂ ಪಾಠ ಮಾಡುವಾಗ ಮೊದಲು ಸಿಗುತ್ತಿದ್ದ ಸಂತೋಷ ಈಗ ಸಿಗುತ್ತಿಲ್ಲ. ಹಣ ಸಿಕ್ಕಿಯೂ ಹೀಗಾಗುವುದು ನನ್ನದೇ ದೋಷವೇ?

ಉತ್ತರ: ದೋಷ ತಮ್ಮದಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ಕೊಟ್ಟರು. ಕೆಲವರಿಗೆ ಬಿಡಿಸಿದ ಒಗಟಿಗೆ ಇಷ್ಟು ಹಣ ಎಂದು ಕೊಟ್ಟು ಆಮೇಲೆ ನಿಲ್ಲಿಸಿದಾಗ, ಬಿಡುವಿನ ವೇಳೆಯಲ್ಲಿ ತಾವಾಗಿಯೇ ಆ ಒಗಟನ್ನು ಕೈಗೆತ್ತಿಕೊಳ್ಳುವ ಅವರ ಆಸಕ್ತಿ ಇಳಿಯಿತು. ಹಣದ ಬದಲು ಚೆನ್ನಾಗಿ ಮಾಡಿದಿರಿ ಎಂಬ ಮಾತನ್ನು ಕೇಳಿದವರಲ್ಲಿ ಹಾಗೆ ಇಳಿಯಲಿಲ್ಲ. ಎರಡು ವರ್ಷಗಳ ಬಳಿಕ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬುವರು ಶಿಶುವಿಹಾರದ ಮಕ್ಕಳಲ್ಲಿ ನೋಡಿದ್ದೂ ಇದಕ್ಕೆ ಹತ್ತಿರದ್ದೇ. ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ಬಣ್ಣದ ಪೆನ್ನುಗಳತ್ತ ಹೋಗುವುದನ್ನು ಕಡಿಮೆ ಮಾಡಿದರು. ಮುನ್ಸೂಚನೆಯಿಲ್ಲದೆ ಅದೇ ಪತ್ರ ಪಡೆದ ಮಕ್ಕಳಲ್ಲಿ ಆ ಇಳಿಕೆ ಕಾಣಲಿಲ್ಲ. ಮೆಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಷರತ್ತಿನ ಹಣ ಸೇರಿದಾಗ ಮನಸ್ಸು ಕಾರಣವನ್ನೇ ಬದಲಿಸಿಕೊಳ್ಳುತ್ತದೆ. ಪಾಠ ಹೇಳುತ್ತಿರುವುದು ಮಗುವಿಗಾಗಿಯೋ ಪಟ್ಟಿಗಾಗಿಯೋ ಎಂದು ತಮಗೆ ತಾವೇ ಕೇಳಿಕೊಳ್ಳುವಂತಾಗಿದ್ದರೆ ಸಂತೋಷ ಸೋರಿಹೋದದ್ದು ಅಲ್ಲಿಯೇ.

ಹಾಗೆಂದು ಪ್ರೋತ್ಸಾಹಧನ ಎಲ್ಲಿಯೂ ಕೆಲಸಕ್ಕೆ ಬಾರದು ಎಂದು ಹೇಳಿದರೆ ಅದು ಪೂರ್ಣ ಸತ್ಯವಾಗುವುದಿಲ್ಲ. ನಮ್ಮ ನೆರೆಯ ಆಂಧ್ರಪ್ರದೇಶದ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಮಕ್ಕಳ ಅಂಕಗಳಲ್ಲಿ ಆದ ಸರಾಸರಿ ಏರಿಕೆಗೆ ಅನುಗುಣವಾಗಿ ಶಿಕ್ಷಕರಿಗೆ ಬೋನಸ್ ಕೊಡಲಾಯಿತು; ಅದು ಸರಾಸರಿಯಲ್ಲಿ ವಾರ್ಷಿಕ ಸಂಬಳದ ಶೇ. 3ರಷ್ಟು ಮಾತ್ರ. ಎರಡು ವರ್ಷಗಳ ಕೊನೆಗೆ ಆ ಶಾಲೆಗಳ ಮಕ್ಕಳು ಬೋನಸ್ ಇಲ್ಲದ ಶಾಲೆಗಳ ಮಕ್ಕಳಿಗಿಂತ ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) ಮುಂದಿದ್ದರು. ಶಿಕ್ಷಣದ ಅಧ್ಯಯನಗಳಲ್ಲಿ ಇದು ಸಣ್ಣ ಅಂತರವಲ್ಲ. ಕುತೂಹಲದ ಸಂಗತಿಯೆಂದರೆ ಶಿಕ್ಷಕರ ಗೈರುಹಾಜರಿ ಅದರಿಂದ ಕಡಿಮೆಯಾಗಲಿಲ್ಲ. ಬಂದ ದಿನಗಳಲ್ಲಿ ಹೆಚ್ಚಿನ ಅಭ್ಯಾಸ, ಮನೆಗೆಲಸ, ಶಾಲೆ ಬಿಟ್ಟ ಮೇಲಿನ ತರಗತಿ, ಹಿಂದುಳಿದ ಮಕ್ಕಳ ಕಡೆಗೆ ಗಮನ ಇವು ಹೆಚ್ಚಿದವು. ಇದಕ್ಕೆ ಎದುರಾಗಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 2006ರಿಂದ 2009ರವರೆಗೆ ಗಣಿತ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಬೋನಸ್ ಇಟ್ಟು ನೋಡಿದಾಗ ಒಟ್ಟಾರೆಯಾಗಿ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಅಂದರೆ ಹಣದ ಗಾತ್ರವೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

ಆಂಧ್ರದ ಪ್ರಯೋಗದಲ್ಲಿ ನಾನು ಮುಖ್ಯವೆಂದು ಎಣಿಸುವುದು ಎರಡು ಅಂಶಗಳನ್ನು. ಯಾರಿಗೆ ಎಷ್ಟು ಎಂಬುದು ಮುಖ್ಯ ಶಿಕ್ಷಕರ ಕೈಯಲ್ಲಿರಲಿಲ್ಲ. ಎಲ್ಲರಿಗೂ ಮೊದಲೇ ತಿಳಿಸಿದ ಒಂದು ಸೂತ್ರವಿತ್ತು, ಪರೀಕ್ಷೆಯನ್ನೂ ಹೊರಗಿನವರು ನಡೆಸಿದರು. ಲೆಕ್ಕಕ್ಕೆ ಬಂದದ್ದು ಮಗು ಇದ್ದಲ್ಲಿಂದ ಎಷ್ಟು ಮುಂದೆ ಬಂತು ಎಂಬುದು. ಹಾಗಾಗಿ ಹಿಂದುಳಿದ ಮಗುವೂ ಶಿಕ್ಷಕರಿಗೆ ಬೇಕಾದ ಮಗುವೇ ಆಯಿತು. ತಮ್ಮ ಶಾಲೆಯಲ್ಲಿ ಈ ಎರಡೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಅಡ್ಮಿಷನ್ ತಂದವರಿಗೆ ಹಣ ಎಂಬ ಮಾತು. ಮಕ್ಕಳನ್ನು ಸೇರಿಸುವುದು ಶಿಕ್ಷಕರ ವಿದ್ಯೆಯಲ್ಲ. ಅದಕ್ಕೂ ಪಾಠಕ್ಕೂ ಒಂದೇ ಪಟ್ಟಿಯಲ್ಲಿ ಬೆಲೆ ಕಟ್ಟಿದರೆ, ಎಂಟು ವರ್ಷ ಪಾಠದಲ್ಲಿ ಮನಸ್ಸಿಟ್ಟವರಿಗೆ ತಮ್ಮ ಕೆಲಸ ಯಾವುದೆಂಬುದೇ ಅನುಮಾನಕ್ಕೆ ಬೀಳುತ್ತದೆ. ಈ ಒಂದು ವಿಷಯವನ್ನು ಸಹೋದ್ಯೋಗಿಗಳೊಡನೆ ಸೇರಿ ಪ್ರಾಂಶುಪಾಲರ ಮುಂದೆ ಲಿಖಿತವಾಗಿ ಇಡಿ. ಪ್ರೋತ್ಸಾಹಧನವನ್ನು ಸಂಬಳದಲ್ಲೇ ಸೇರಿಸಿ ಎಲ್ಲರಿಗೂ ಕೊಡಿ, ನಮ್ಮ ತರಗತಿಗೆ ಬಂದು ಪಾಠ ನೋಡಿ ನಾಲ್ಕು ಮಾತು ಹೇಳಿ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಪ್ರಶ್ನೆ: ಬೈಂದೂರು ತಾಲೂಕಿನ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕ. ನಮ್ಮ ಹೆಡ್‌ಮಾಸ್ಟ್ರು ಒಳ್ಳೆಯವರು, ದಿನವೂ ಒಳ್ಳೆಯ ಮಾತನಾಡುತ್ತಾರೆ. ಆದರೆ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ಬರುವ ವರ್ಷ ನಾನು ಇರುತ್ತೇನೋ ಇಲ್ಲವೋ ತಿಳಿಯದು. ಬರಿಯ ಮಾತಿನಿಂದ ಬದ್ಧತೆ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ಉತ್ತರ: ನ್ಯಾಯವಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್‌ನ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಹೇಳಿದ ಮಾತು ಇಂದಿಗೂ ನಿಜವೆನಿಸುತ್ತದೆ. ಸಂಬಳ, ನೌಕರಿಯ ಭದ್ರತೆ, ಕೆಲಸದ ಸ್ಥಿತಿಗತಿಗಳು ಸರಿಯಿಲ್ಲದಿದ್ದರೆ ಮನಸ್ಸು ಕೆಡುತ್ತದೆ. ಅವು ಸರಿಯಾದ ಮಾತ್ರಕ್ಕೆ ಉತ್ಸಾಹ ಉಕ್ಕುವುದಿಲ್ಲ. ಉತ್ಸಾಹ ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿ, ಕೆಲಸದೊಳಗಿನ ಹುರುಳು ಇವುಗಳಿಂದ. ಎರಡನ್ನೂ ಬೇರೆ ಬೇರೆಯಾಗಿ ಪೂರೈಸಬೇಕು, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲಾಗದು. ಇದರ ಇನ್ನೊಂದು ಬದಿಯನ್ನು ಇಂಡೋನೇಷ್ಯಾ ತೋರಿಸಿಕೊಟ್ಟಿತು. ಅಲ್ಲಿ ಅರ್ಹತೆಯ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನು ಯಾವ ಷರತ್ತೂ ಇಲ್ಲದೆ ಇಮ್ಮಡಿಗೊಳಿಸಿದರು. ಶಿಕ್ಷಕರ ತೃಪ್ತಿ ಹೆಚ್ಚಿತು, ಹಣದ ಚಿಂತೆ ತಗ್ಗಿತು, ಶಾಲೆಯ ಜೊತೆಗೆ ಇನ್ನೊಂದು ಉದ್ಯೋಗ ಮಾಡುವವರು ಕಡಿಮೆಯಾದರು. ಮಕ್ಕಳ ಕಲಿಕೆ ಮಾತ್ರ ಎರಡು ಮೂರು ವರ್ಷಗಳಾದರೂ ಏರಲಿಲ್ಲ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನಾನು ಇದನ್ನು ಹೇಳುತ್ತಿರುವುದು ತಮ್ಮ ಗೌರವಧನವನ್ನು ಹಗುರವಾಗಿ ಕಾಣಲು ಅಲ್ಲ. ಸಕಾಲದಲ್ಲಿ ಕೊಡುವ ಗೌರವಧನ ಪುರಸ್ಕಾರವಲ್ಲ, ದುಡಿದವರ ಹಕ್ಕು. ಅದನ್ನು ಬದ್ಧತೆಗೆ ಆಮಿಷವೆಂದು ಯಾರೂ ಬಗೆಯಬಾರದು.

ಹಣ ಬಿಡುಗಡೆ ಮಾಡುವುದು ಮುಖ್ಯ ಶಿಕ್ಷಕರ ಕೈಯಲ್ಲಿಲ್ಲ. ಆದರೆ ಹಾಜರಾತಿಯ ಪತ್ರವನ್ನು ತಿಂಗಳ ಮೊದಲ ದಿನವೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸುವುದೂ, ಅದು ಎಲ್ಲಿ ನಿಂತಿದೆ ಎಂದು ವಿಚಾರಿಸಿ ತಮಗೆ ತಿಳಿಸುವುದೂ ಅವರ ಕೈಯಲ್ಲಿದೆ. ಸ್ಟಾಫ್ ರೂಮಿನಲ್ಲಿ ತಮಗೆಂದೇ ಒಂದು ಕುರ್ಚಿ ಮತ್ತು ಖಾನೆ, ವಾರ್ಷಿಕೋತ್ಸವದ ಆಮಂತ್ರಣ ಪತ್ರದಲ್ಲಿ ಉಳಿದವರ ಸಾಲಿನಲ್ಲೇ ತಮ್ಮ ಹೆಸರು, ಪೋಷಕರ ಸಭೆಯಲ್ಲಿ ತಮ್ಮ ವಿಷಯದ ಬಗ್ಗೆ ತಾವೇ ಮಾತನಾಡುವ ಅವಕಾಶ ಇವನ್ನೂ ಅವರು ಕೊಡಬಲ್ಲರು. ದಿನವೂ ಒಳ್ಳೆಯ ಮಾತನಾಡುವವರು ಇದಕ್ಕೆ ಒಲ್ಲೆನೆನ್ನಲಾರರು. ಸಂಕೋಚ ಬಿಟ್ಟು ಕೇಳಿ.

ಪ್ರಶ್ನೆ: ಬಂಟ್ವಾಳ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ಜೂನ್‌ನಲ್ಲಿ ಮುಖ್ಯ ಶಿಕ್ಷಕನಾಗಿ ಬಂದಿದ್ದೇನೆ. ಆರು ಮಂದಿ ಶಿಕ್ಷಕಿಯರಿದ್ದಾರೆ, ಇಬ್ಬರು ನನಗಿಂತ ಹಿರಿಯರು. ಬಡ್ತಿ, ಸಂಬಳ, ವರ್ಗಾವಣೆ ಯಾವುದೂ ನನ್ನ ಕೈಯಲ್ಲಿಲ್ಲ. ಕೊಡಲು ಏನೂ ಇಲ್ಲದವನು ಯಾವುದರಿಂದ ಇವರನ್ನು ಹುರಿದುಂಬಿಸಲಿ?

ಉತ್ತರ: ತಮ್ಮ ಬಳಿ ಇರುವುದು ಕಡಿಮೆಯೇನಲ್ಲ. ವೇಳಾಪಟ್ಟಿ ಇದೆ, ಪಾಠ ನೋಡಿ ಅಭಿಪ್ರಾಯ ಬರೆಯುವ ಲಾಗ್ ಬುಕ್ ಇದೆ, ರಜೆಯ ಅರ್ಜಿಯ ಮೇಲೆ ಸಹಿ ಮಾಡುವ ಪೆನ್ನು ಇದೆ, ಎಲ್ಲಕ್ಕಿಂತ ಮಿಗಿಲಾಗಿ ತರಗತಿಯ ಬಾಗಿಲವರೆಗೆ ನಡೆದುಹೋಗುವ ಕಾಲುಗಳಿವೆ.

ರಜೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಶಾಲೆಗಳಲ್ಲಿ ಮನಸ್ಸು ಮುರಿಯುವುದು ಬಹಳ ಸಲ ಇಲ್ಲಿಯೇ. ಊರಿನ ದೈವದ ನೇಮಕ್ಕೆ ಒಬ್ಬರಿಗೆ ಕೇಳಿದೊಡನೆ ರಜೆ ಸಿಗುತ್ತದೆ, ಇನ್ನೊಬ್ಬರು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಮೂರು ಸಲ ಕೇಳಬೇಕಾಗುತ್ತದೆ. ಮುಖ್ಯ ಶಿಕ್ಷಕರು ಅದನ್ನು ಪುರಸ್ಕಾರವೆಂದು ಎಣಿಸಿರದಿದ್ದರೂ ಸಿಬ್ಬಂದಿ ಹಾಗೆಯೇ ಎಣಿಸುತ್ತಾರೆ. ಮಳೆಗಾಲದ ರಜೆಗಳ ನಷ್ಟವನ್ನು ತುಂಬಲು ಶನಿವಾರ ಮಧ್ಯಾಹ್ನ ನಡೆಸುವ ತರಗತಿಗಳು, ಬಿಸಿಯೂಟದ ಲೆಕ್ಕ, ರಜೆ ಹಾಕಿದವರ ಬದಲಿಗೆ ಹೋಗುವ ಅವಧಿಗಳು, ತಗಡಿನ ಮಾಡಿನ ಕೆಳಗೆ ಮಳೆಯ ಸದ್ದಿನಲ್ಲಿ ಕಿರುಚಿ ಪಾಠ ಹೇಳಬೇಕಾದ ಕೋಣೆ, ಇವೆಲ್ಲ ಸರದಿಯ ಪ್ರಕಾರ ಹಂಚಿಹೋಗಲಿ. ಸರದಿಯ ಪಟ್ಟಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ, ಅದರಲ್ಲಿ ತಮ್ಮ ಹೆಸರೂ ಇರಲಿ. ಇಷ್ಟಾಗದೆ ಯಾವ ಮೆಚ್ಚುಗೆಯ ಮಾತೂ ನಾಟುವುದಿಲ್ಲ.

ಆಮೇಲೆ ಮಾತು. ಚೆನ್ನಾಗಿ ಮಾಡುತ್ತಿದ್ದೀರಿ ಎಂಬ ಸಾಮಾನ್ಯ ಹೊಗಳಿಕೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಏಕೆಂದರೆ ಅದನ್ನು ತರಗತಿಯನ್ನು ನೋಡದೆಯೂ ಹೇಳಬಹುದು. ವಾರಕ್ಕೆ ಎರಡು ತರಗತಿಗಳ ಹಿಂದಿನ ಬೆಂಚಿನಲ್ಲಿ ಪೂರ್ತಿ ಅವಧಿ ಕುಳಿತು, ಹೊರಬಂದ ಮೇಲೆ ಲಾಗ್ ಬುಕ್ಕಿನಲ್ಲಿ ಕಂಡದ್ದನ್ನು ಬರೆಯಿರಿ. ಉದಾಹರಣೆಗೆ ಹೀಗೆ: "ಇಂದು ಮೂರನೆಯ ಅವಧಿಯ ಭಿನ್ನರಾಶಿ ಪಾಠದಲ್ಲಿ ತಾವು ನೀರುದೋಸೆ ಮಡಿಸುವಂತೆ ಕಾಗದವನ್ನು ಎರಡು ಸಲ ಮಡಿಸಿ ತೋರಿಸಿದಿರಿ. ಕಿಟಕಿಯ ಪಕ್ಕದ ಹುಡುಗ ಕಾಗದವನ್ನು ಬಿಚ್ಚಿದಾಗ ಕಂಡ ಭಾಗಗಳನ್ನು ಎಣಿಸಿ, ನಾಲ್ಕರಲ್ಲಿ ಒಂದು ಎಂದು ತಾನಾಗಿ ಹೇಳಿದ. ಅವನು ಜೂನ್ ತಿಂಗಳಿಡೀ ತುಳುವಿನಲ್ಲಷ್ಟೇ ಉತ್ತರಿಸುತ್ತಿದ್ದವನು." ಇದನ್ನು ಓದುವ ಶಿಕ್ಷಕಿಗೆ ತನ್ನ ಯಾವ ನಡೆ ಫಲ ಕೊಟ್ಟಿತೆಂಬುದು ತಿಳಿಯುತ್ತದೆ, ನಾಳೆ ಅದನ್ನೇ ಇನ್ನೊಂದು ಪಾಠಕ್ಕೆ ಹೊಂದಿಸಬಹುದು. ಹಿರಿಯರಿಬ್ಬರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಅವರ ಪಾಠ ನೋಡಿ ಹೊಗಳುವ ಬದಲು, ತಾವು ತೆಗೆದುಕೊಳ್ಳುವ ತರಗತಿಗೆ ಅವರನ್ನು ಕರೆದು, "ಟೀಚರ್, ನನ್ನ ಪಾಠ ಹೇಗಿತ್ತು?" ಎಂದು ಕೇಳಿ. ತನ್ನ ಅನುಭವಕ್ಕೆ ಬೆಲೆಯಿದೆ ಎಂಬುದು ಅವರಿಗೆ ಮನವರಿಕೆಯಾಗಲು ಬೇರೆ ದಾರಿ ಬೇಕಾಗದು.

ಆಯ್ಕೆಯ ಸ್ವಾತಂತ್ರ್ಯವೂ ಒಂದು ಪುರಸ್ಕಾರವೆಂಬುದನ್ನು ನಮ್ಮ ರಾಜ್ಯವೇ ತೋರಿಸಿದೆ. ಇಂದು ಒಂದರಿಂದ ಮೂರನೆಯ ತರಗತಿಯವರೆಗೆ ನಡೆಯುವ, ಕಾರ್ಡುಗಳ ಮೂಲಕ ನಲಿಯುತ್ತ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಹುಟ್ಟಿದಾಗ, ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ಕೂತು ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ತಯಾರಿಸಿದರು. ತಮ್ಮ ಶಾಲೆಯಲ್ಲೂ ಯಾವ ತರಗತಿ ಯಾರಿಗೆ, ಪ್ರತಿಭಾ ಕಾರಂಜಿಗೆ ಯಾವುದನ್ನು ಆರಿಸುವುದು, ಗ್ರಂಥಾಲಯದ ಹಣದಲ್ಲಿ ಯಾವ ಪುಸ್ತಕ ಎಂಬಂಥ ತೀರ್ಮಾನಗಳನ್ನು ಶಿಕ್ಷಕಿಯರಿಗೆ ಬಿಟ್ಟುಕೊಡಿ, ಬಿಟ್ಟುಕೊಟ್ಟ ಮೇಲೆ ಬದಲಿಸಬೇಡಿ.

ಕೊನೆಯದಾಗಿ, ಅವರ ಸಮಯವನ್ನು ಕಾಪಾಡುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಹೊರಗಿನಿಂದ ಬರುವ ಪ್ರತಿಯೊಂದು ಬೇಡಿಕೆಗೂ ತಕ್ಷಣ ಒಬ್ಬ ಶಿಕ್ಷಕಿಯ ಹೆಸರು ಬರೆದುಕೊಡುವ ಅಭ್ಯಾಸವನ್ನು ಬಿಟ್ಟು, ಮಾಹಿತಿ ತುಂಬುವ ಕೆಲಸದ ಒಂದಂಶವನ್ನು ತಾವೇ ವಹಿಸಿಕೊಂಡರೆ, ಆ ಬಿಡುವಾದ ಅರ್ಧ ಗಂಟೆ ಮಕ್ಕಳ ನೋಟ್ ಪುಸ್ತಕ ತಿದ್ದುವುದಕ್ಕೆ ಹೋಗುತ್ತದೆ.

ಪ್ರಶ್ನೆ: ಕುಂದಾಪುರದ ನಿವೃತ್ತ ಶಿಕ್ಷಕ. ಪ್ರಶಸ್ತಿಗೆ ಶಿಕ್ಷಕರೇ ಅರ್ಜಿ ಹಾಕಿ, ತಮ್ಮ ಸಾಧನೆಯ ಕಡತವನ್ನು ತಾವೇ ಹೊತ್ತು ತಿರುಗುವುದು ನನಗೆ ಸರಿಕಾಣುವುದಿಲ್ಲ. ತಮ್ಮ ಅಭಿಪ್ರಾಯವೇನು?

ಉತ್ತರ: ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಲ್ಲಿ ಆರಂಭವಾದದ್ದು, 2018ರಿಂದ ಅದಕ್ಕೆ ಶಿಕ್ಷಕರು ಸ್ವತಃ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಶಿಫಾರಸಿನ ಬಲವಿಲ್ಲದ ಮೂಲೆಯ ಶಾಲೆಯವರಿಗೂ ಬಾಗಿಲು ತೆರೆಯುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ತಪ್ಪೆನ್ನಲಾರೆ. ಆದರೆ ತಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನನಗೆ ಗೊತ್ತಿದ್ದ ಒಬ್ಬ ಶಿಕ್ಷಕರು ಮೂವತ್ತು ವರ್ಷ ಒಂದೇ ಶಾಲೆಯಲ್ಲಿದ್ದು ಒಂದು ಫೋಟೋವನ್ನೂ ತೆಗೆಸಿರಲಿಲ್ಲ. ಅಂಥವರ ಕಡತವನ್ನು ಬರೆಯಬೇಕಾದವರು ಅವರ ಮುಖ್ಯ ಶಿಕ್ಷಕರು. ಲಾಗ್ ಬುಕ್ಕಿನಲ್ಲಿ ವರ್ಷಕ್ಕೆ ಹತ್ತು ಸಾಲುಗಳನ್ನು ಕಂಡಂತೆ ಬರೆದಿಟ್ಟಿದ್ದರೆ ಅರ್ಜಿಯ ಬಹುಪಾಲು ಅಲ್ಲಿಯೇ ಸಿದ್ಧವಾಗಿರುತ್ತಿತ್ತು. ತಮ್ಮ ಹಳೆಯ ಶಾಲೆಯಲ್ಲಿ ಅಂಥವರು ಯಾರಾದರೂ ಈಗಲೂ ಕೆಲಸದಲ್ಲಿದ್ದರೆ, ತಾವು ಕಣ್ಣಾರೆ ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಅಲ್ಲಿನ ಮುಖ್ಯ ಶಿಕ್ಷಕರಿಗೆ ಕಳುಹಿಸಿ, ಅದರ ಒಂದು ಪ್ರತಿಯನ್ನು ಆ ಶಿಕ್ಷಕರಿಗೂ ಕೊಡಿ.